ದಂಡಿಗೆ ಹೋದ ಭಾನುವಾರ

ಹೊರಮಾವಿನ ನಮ್ಮ ಮನೆಯ ತಾರಸಿ ಮೇಲೆ ನಿಂತರೆ ಊರ ಕೆರೆ ಇನ್ನೂ ಪೂರ್ತಿ ಕಾಣುತ್ತಿದ್ದ ದಿನಗಳವು. ಕೆರೆಯಾಚೆ ಒಂದೆರಡು ಅಪಾರ್ಟ್‌ಮೆಂಟುಗಳು ಆಗಷ್ಟೇ ತಲೆ ಎತ್ತುತ್ತಿದ್ದವು. ಹಲಸೂರು, ಇಂದಿರಾನಗರದ ಕಡೆ ರಸ್ತೆ ಅಗೆದು ಮೆಟ್ರೊ ಕಂಬಗಳನ್ನು ನಿಲ್ಲಿಸುತ್ತಿದ್ದರು. ನಮ್ಮ ಮನೆ ಹಿಂದೆ ಒಂದು ಹಲಸಿನ ಮರ, ಅದರ ಬುಡದಾಚೆ ಅಜ್ಜಿ ಹಟ ಹಿಡಿದು ಉಳಿಸಿಕೊಂಡಿದ್ದ ನಾಲ್ಕು ಮಡಿ ಕೊತ್ತಂಬರಿ. ಮಿಕ್ಕ ಜಮೀನೆಲ್ಲ ಸೈಟುಗಳಾಗಿ ಹೋಗಿತ್ತು. ಅದರಿಂದ ಬಂದದ್ದರಲ್ಲಿ ಅಪ್ಪ ಮನೆಯ ಮೇಲೊಂದು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಬೇಸಿಗೆ ಬಂತೆಂದರೆ ಹಲಸಿನ ಹಣ್ಣಿನ ವಾಸನೆ ಕೆಳಗಿನ ಮನೆ, ಮೇಲಿನ ಮನೆ ಎಂದು ಭೇದ ಮಾಡದೆ ಎಲ್ಲರ ಹಾಸಿಗೆ ಬಟ್ಟೆಗಳಿಗೂ ಹತ್ತಿಕೊಳ್ಳುತ್ತಿತ್ತು.

ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಗೆ ಸ್ವಲ್ಪ ಮುಂಚೆ ಮೇಲಿನ ಮನೆಗೆ ಗದಗದ ಕಡೆಯವರು ಬಂದರು. ಶಿವಾನಂದ ಅಂಕಲ್‌ಗೆ ಸಿ.ವಿ. ರಾಮನ್ ನಗರದ ಒಂದು ಆಫೀಸಿನಲ್ಲಿ ಕೆಲಸ. ಅವರ ಹೆಂಡತಿ ಸುಮಂಗಲಾ ಆಂಟಿ, ಒಬ್ಬಳೇ ಮಗಳು ದಾನೇಶ್ವರಿ. ಅವಳೂ ನನ್ನ ವಾರಿಗೆಯವಳೇ. ಮೊದಲ ದಿನ ಅವಳು ಮೆಟ್ಟಿಲಿನ ಮೇಲೆ ಕೂತು, ‘ನಿನ್ನ ಹೆಸರು ಏನಂತ?’ ಎಂದು ಕೇಳಿದಳು. ನಾನು ಚೈತ್ರಾ ಅಂದೆ. ‘ಚೊಲೋ ಐತಿ’ ಎಂದಳು, ಬಟ್ಟೆ ಅಂಗಡಿಯಲ್ಲಿ ಸೀರೆ ಮುಟ್ಟಿ ನೋಡಿ ಹೇಳುವ ಹಾಗೆ. ಅವತ್ತಿನಿಂದ ನಾವಿಬ್ಬರೂ ಬಿಡಿಸಲಾಗದ ಜೋಡಿ.

ಭಾನುವಾರ ಬೆಳಗಾದರೆ ಅವರ ಅಡುಗೆಮನೆಯಿಂದ ಪಟಪಟ ಸದ್ದು ಶುರುವಾಗುತ್ತಿತ್ತು. ಅಜ್ಜಿ ಮುಖ ಮೇಲೆತ್ತಿ, ‘ಇದೇನೇ ಇದು, ಅಡುಗೆಮನೇಲಿ ಬಟ್ಟೆ ಒಗೀತಾ ಅವ್ರಾ?’ ಎಂದು ಕೇಳಿದ್ದಳು. ಅದು ಜೋಳದ ರೊಟ್ಟಿ ಬಡಿಯುವ ಸದ್ದೆಂದು ಗೊತ್ತಾಗಲು ನಮಗೆ ಎರಡು ವಾರ ಹಿಡಿಯಿತು. ರೊಟ್ಟಿ ಬಡಿದಾದ ಮೇಲೆ ಅವರು ಮೂವರೂ ಚೀಲ ಹಿಡಿದು ಇಳಿದು ಬರುತ್ತಿದ್ದರು. ಚೀಲದಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಹಾಸುವ ಚಾದರ.

‘ಎಲ್ಲಿಗಮ್ಮ, ಮದುವೆ ಗಿದುವೆನಾ?’ ಅಂತ ಅಜ್ಜಿ.

‘ಇಲ್ರಿ ಅಮ್ಮಾರ, ಕಬ್ಬನ್ ಪಾರ್ಕ್ ನೋಡಾಕ ಹೊಂಟೇವ್ರಿ.’

‘ಪಾರ್ಕಲ್ಲಿ ನೋಡಾಕೆ ಏನೈತಮ್ಮ? ಮರ. ನಮ್ಮನೆ ಹಿಂದ್ಲೂ ಒಂದೈತೆ, ನೋಡು.’

ಆಂಟಿ ನಗುತ್ತಿದ್ದರು. ಅಜ್ಜಿ ಆಡಿಕೊಳ್ಳುತ್ತಿದ್ದದ್ದು ಅವರನ್ನಲ್ಲ, ‘ನೋಡಾಕೆ’ ಎಂಬ ಆ ಮಾತನ್ನು. ಒಂದು ಊರನ್ನು ನೋಡುವುದೆಂದರೇನು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹೊರಗೆ ಹೊರಡಲು ನಮಗೆ ಕಾರಣ ಬೇಕಿತ್ತು: ಮದುವೆ, ತಿಥಿ, ದೇವರು, ಆಸ್ಪತ್ರೆ. ಇದಾವುದೂ ಇಲ್ಲದಿದ್ದರೆ ದಂಡು.

ದಂಡು ಎಂದರೆ ಶಿವಾಜಿನಗರ, ಅದರ ಮಾರ್ಕೆಟ್ಟು, ಅದರ ಸುತ್ತಮುತ್ತ. ಹಿಂದೆ ಅಲ್ಲಿ ಬಿಳಿಯರ ಸೈನ್ಯ ಬೀಡು ಬಿಟ್ಟಿತ್ತಂತೆ. ಸೈನ್ಯ ಹೋಗಿ ಎಷ್ಟೋ ಕಾಲವಾಗಿದ್ದರೂ ನಮ್ಮ ಕಡೆ ಹಳ್ಳಿಯವರ ಬಾಯಲ್ಲಿ ದಂಡು ಮಾತ್ರ ಕದಲಿರಲಿಲ್ಲ. ‘ದಂಡಿಗೋಗಿ ಬತ್ತೀನಿ’ ಎಂದು ಅಜ್ಜಿ ಸೆರಗು ಸಿಕ್ಕಿಸಿದಳೆಂದರೆ ಶಿವಾಜಿನಗರದ ಬಸ್ಸು ಹತ್ತುತ್ತಾಳೆ ಎಂದೇ ಅರ್ಥ. ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಸೊಪ್ಪಿನ ಬುಟ್ಟಿ ಹೊತ್ತು ದಂಡಿಗೆ ಹೋಗಲು ಶುರು ಮಾಡಿದವಳು. ಮೊದಲು ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ. ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಕೊತ್ತಮಲ್ಲಿ ಅಮ್ಮಾ.

ಹಾಗಾಗಿ ಅಜ್ಜಿಗೆ ಬೆಂಗಳೂರಿನ ದೊಡ್ಡ ದೊಡ್ಡ ಜಾಗಗಳೆಲ್ಲ ಗೊತ್ತಿದ್ದವು, ಗೇಟಿನ ತನಕ. ಯಾವ ಕ್ಲಬ್ಬಿನ ಅಡುಗೆಯವನು ಪುದೀನ ಕೇಳುತ್ತಿದ್ದ, ಯಾವ ಟಾಕೀಸು ಬಿಟ್ಟಾಗ ನಿಂಬೆಹಣ್ಣು ಬೇಗ ಖರ್ಚಾಗುತ್ತಿತ್ತು, ಯಾವ ಪಾರ್ಕಿನ ನಲ್ಲಿಯಲ್ಲಿ ನೀರು ಚೆನ್ನಾಗಿತ್ತು ಎಂದು ಹೇಳಬಲ್ಲವಳಾಗಿದ್ದಳು. ಒಳಗೆ ಏನಿದೆ ಎಂದರೆ, ‘ಯಾರಿಗ್ಗೊತ್ತು? ಎಲ್ಲಿಗೋಯ್ತದೆ ಬಿಡು, ಇವತ್ತಲ್ಲ ನಾಳೆ ನೋಡಿದ್ರಾಯ್ತು’ ಎನ್ನುತ್ತಿದ್ದಳು. ಎಲ್ಲಿಗೋಯ್ತದೆ ಬಿಡು. ಇದು ಅವಳ ಮಾತು, ಅವಳಿಂದ ಅಪ್ಪನಿಗೆ ಬಂದದ್ದು, ಅಪ್ಪನಿಂದ ಮನೆಗೆಲ್ಲ ಹತ್ತಿದ್ದು. ಇಲ್ಲೇ ಹುಟ್ಟಿದವರು ನಾವು. ಊರೇನು ಓಡಿ ಹೋಗುತ್ತದೆಯೇ?

ಶಿವಾನಂದ ಅಂಕಲ್‌ಗೆ ಆ ಧೈರ್ಯವಿರಲಿಲ್ಲ. ‘ಇದ್ದಾಗ ನೋಡ್ಕೋಬೇಕ್ರಿ. ನಾಳೆ ನಮ್ಮನ್ನ ಯಾವ ಊರಿಗೆ ಒಗೀತಾರೋ ಯಾರಿಗೆ ಗೊತ್ತು?’ ಎಂದು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ತಲೆಯಾಡಿಸಿ ಪೇಪರು ಮಡಿಸುತ್ತಿದ್ದರು. ಅವರು ಅಷ್ಟು ವರ್ಷ ಬೆಂಗಳೂರಿನಲ್ಲೇ ಇದ್ದೂ ತಾರಾಲಯದ ಒಳಗೆ ಕಾಲಿಟ್ಟವರಲ್ಲ.

ರಜೆ ಶುರುವಾದ ಮೇಲೆ ಭಾನುವಾರದ ಆ ಚೀಲದ ಹಿಂದೆ ನಾನೂ ಹೊರಟೆ. ಅಮ್ಮ ಮೊದಲು ಬೇಡವೆಂದಳು, ಆಮೇಲೆ ಮನೆಯಲ್ಲಿ ಗಲಾಟೆ ಕಡಿಮೆಯಾಗುತ್ತದೆ ಎಂದು ಒಪ್ಪಿದಳು. ಹೋದಲ್ಲೆಲ್ಲ ನನಗೆ ಒಂದೇ ಫಜೀತಿ. ನಾನು ಬೆಂಗಳೂರಿನವಳು, ಹಾಗಾಗಿ ನನಗೆ ಎಲ್ಲ ಗೊತ್ತಿರಬೇಕು ಎಂದು ದಾನೇಶ್ವರಿಯ ಲೆಕ್ಕ.

‘ಈ ಕೆಂಪು ಕಟ್ಟಡ ಯಾರ್ದು?’

‘ರಾಜರದ್ದು.’

‘ಯಾವ ರಾಜರದ್ದು?’

‘ಹಳೇ ರಾಜರದ್ದು.’

ಅವಳು ನಂಬುತ್ತಿದ್ದಳು. ಅಂಕಲ್ ಪಕ್ಕದಲ್ಲೇ ಬೋರ್ಡು ಓದುತ್ತಾ ತುಟಿ ಬಿಗಿಹಿಡಿದು ನಗುತ್ತಿದ್ದರು. ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಮ್ಯೂಸಿಯಮ್ಮಿನ ಕಲ್ಲಿನ ವಿಗ್ರಹಗಳ ತಣ್ಣನೆ ವಾಸನೆ, ತಾರಾಲಯದ ಕತ್ತಲಲ್ಲಿ ಮೇಲೆ ಬಿಚ್ಚಿಕೊಂಡ ಆಕಾಶ, ಹಲಸೂರಿನ ಸೋಮೇಶ್ವರ ದೇವಸ್ಥಾನದ ಕಂಬಗಳು; ನನ್ನೂರನ್ನು ನನಗೆ ತೋರಿಸಿದವರು ಗದಗದವರು. ಎಲ್ಲಿಗೆ ಹೋದರೂ ಎಲ್ಲಾದರೂ ಒಂದು ಮರದ ನೆರಳಲ್ಲಿ ಚಾದರ ಹಾಸಿ ಊಟ. ಗಟ್ಟಿ ರೊಟ್ಟಿಯನ್ನು ಕೈಯಲ್ಲಿ ಪಟ್ಟನೆ ಮುರಿದು ಪಲ್ಯ ಇಟ್ಟು ಕೊಡುತ್ತಿದ್ದರು ಆಂಟಿ. ಶೇಂಗಾ ಚಟ್ನಿಯ ಖಾರಕ್ಕೆ ನನ್ನ ಮೂಗು ಸೋರುತ್ತಿತ್ತು. ‘ಮೊಸರು ಹಚ್ಕೋ, ಮೊಸರು ಹಚ್ಕೋ’ ಎಂದು ದಾನೇಶ್ವರಿ ನಗುತ್ತಿದ್ದಳು.

ಮ್ಯೂಸಿಯಮ್ಮಿನಲ್ಲಿ ನಮ್ಮನ್ನು ನೋಡಿದ ಕಾವಲಿನವರು ಅಕ್ಕರೆಯಿಂದ, ‘ಯಾವೂರಿಂದ ಬಂದಿದ್ದೀರಾ ಮಕ್ಕಳಾ?’ ಎಂದು ಕೇಳಿದರು. ದಾನೇಶ್ವರಿ ಗದಗ ಎಂದಳು. ಅವರು ನನ್ನ ಕಡೆ ತಿರುಗಿದರು. ಅರ್ಧ ಗಂಟೆ ಬಸ್ಸಿನ ದಾರಿಯವಳು ಹುಟ್ಟಿದ ಇಷ್ಟು ವರ್ಷಕ್ಕೆ ಮೊದಲ ಸಲ ಬಂದಿದ್ದೇನೆ ಎಂದು ಹೇಗೆ ಹೇಳುವುದು? ‘ನಾನೂ ಗದಗ’ ಎಂದುಬಿಟ್ಟೆ. ಬಸ್ಸಿನಲ್ಲಿ ಬರುವಾಗ ದಾನೇಶ್ವರಿ ನನ್ನನ್ನು ಬಿಟ್ಟಿದ್ದರೆ ಕೇಳಿ. ‘ಗದಗಿನಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತೈತಿ?’ ಎಂದು ಹೊರಮಾವು ಬರುವ ತನಕ ಪ್ರಾಣ ತಿಂದಳು.

ಸಂಜೆ ಹೊತ್ತು ನಾವಿಬ್ಬರೂ ಊರ ಕೆರೆಯ ಏರಿ ಮೇಲೆ ಆಡುತ್ತಿದ್ದೆವು. ಆಡಿ ಸಾಕಾದಾಗ ಅವಳು, ‘ಬಾ, ದಂಡಿಗೆ ಕುಂದ್ರೂಣು’ ಎಂದು ನೀರಿನ ಅಂಚಿಗೆ ಓಡುತ್ತಿದ್ದಳು. ನಾನೂ ಓಡುತ್ತಿದ್ದೆ. ಅವಳು ಏನಂದಳು ಎಂದು ನಾನು ಯೋಚಿಸಿದವಳೇ ಅಲ್ಲ. ಮಕ್ಕಳು ಓಡುವಾಗ ಮಾತಿನ ಕಡೆ ಯಾರು ಗಮನ ಕೊಡುತ್ತಾರೆ?

ಮೇ ತಿಂಗಳಲ್ಲಿ ಅಂಕಲ್‌ಗೆ ಹುಬ್ಬಳ್ಳಿ ಆಫೀಸಿಗೆ ವರ್ಗವಾಯಿತು. ನಾಳೆ ಎಲ್ಲಿಗೆ ಒಗೆಯುತ್ತಾರೋ ಎಂದು ಅವರು ಹೆದರಿದ್ದು ಅಷ್ಟು ಬೇಗ ನಿಜವಾಗುತ್ತದೆ ಎಂದು ನಾವ್ಯಾರೂ ಎಣಿಸಿರಲಿಲ್ಲ. ಸುದ್ದಿ ಬಂದ ಸಂಜೆ ಎಲ್ಲರೂ ತಾರಸಿ ಮೇಲೆ ಕೂತಿದ್ದೆವು. ಅಜ್ಜಿ ಹಲಸಿನ ತೊಳೆ ಬಿಡಿಸುತ್ತಿದ್ದಳು. ಕೈಗೆಲ್ಲ ಎಣ್ಣೆ, ಸುತ್ತ ನೊಣ. ಆಂಟಿ, ‘ಎಲ್ಲಾ ನೋಡಿದ್ವಿ ಅಮ್ಮಾರ, ಹಲಸೂರು ಕೆರಿಯೊಳಗ ದೋಣಿ ಒಂದು ಉಳೀತು’ ಎಂದರು.

ಅಜ್ಜಿಯ ಕೈ ನಿಂತಿತು.

‘ಆ ದೋಣಿ ನಾನು ದಿನಾ ನೋಡ್ತಿದ್ದೆ ಕಣಮ್ಮ’ ಎಂದಳು. ‘ದಂಡಿನಿಂದ ವಾಪಸ್ ಬರೋವಾಗ, ಬಸ್ಸಿನ ಕಿಟಕೀಲಿ. ದೋಣೀಲಿ ಕೂತೋರೆಲ್ಲ ನಗ್ತಾ ಇರ್ತಿದ್ರು. ನೀರಿನ ಮೇಲೆ ಹೋದ್ರೆ ಯಾಕೆ ಅಷ್ಟು ನಗು ಬರ್ತದೆ ಅಂತ ಅನ್ಕೊಳ್ತಿದ್ದೆ.’

‘ಆಯಿ, ನೀವು ಒಮ್ಮೆನೂ ಕುಂತಿಲ್ಲೇನು?’ ದಾನೇಶ್ವರಿಗೆ ನಂಬಿಕೆಯೇ ಬರಲಿಲ್ಲ.

‘ಎಲ್ಲಿಗೋಯ್ತದೆ ಬಿಡು’ ಎಂದಳು ಅಜ್ಜಿ. ಆದರೆ ಈ ಸಲ ಆ ಮಾತಿನಲ್ಲಿ ಎಂದಿನ ಗತ್ತು ಇರಲಿಲ್ಲ.

ಆಂಟಿ ಅಲ್ಲೇ ತೀರ್ಮಾನಿಸಿಬಿಟ್ಟರು. ಊರು ಬಿಡುವ ಮುಂಚೆ ಉಳಿದಿರುವುದು ಒಂದೇ ಭಾನುವಾರ. ಆ ಭಾನುವಾರ ಅಜ್ಜಿಯನ್ನು ಕರೆದುಕೊಂಡೇ ಹಲಸೂರು ಕೆರೆಯಲ್ಲಿ ದೋಣಿ ಹತ್ತುವುದು. ಅಜ್ಜಿ ಬೇಡ ಬೇಡ ಎಂದಳು, ಮಂಡಿ ನೋವು ಎಂದಳು, ನೀರಿನ ಗಂಡಾಂತರ ಇದೆ ಎಂದು ಯಾರೋ ಹೇಳಿದ್ದರು ಎಂದಳು. ಮರುದಿನ ಬೆಳಿಗ್ಗೆ ಒಬ್ಬಳೇ ಇದ್ದಾಗ ನನ್ನನ್ನು ಹತ್ತಿರ ಕರೆದು, ‘ದೋಣಿಗೆ ಚಪ್ಪಲಿ ಹಾಕ್ಕೊಂಡು ಹತ್ತಬಹುದೇನೇ?’ ಎಂದು ಪಿಸುಗುಟ್ಟಿದಳು. ಅದರ ಮರುದಿನ, ‘ಹೆಂಗಸರು ಎಲ್ಲಿ ಕೂರ್ತಾರೆ, ಮುಂದೋ ಹಿಂದೋ?’ ಟ್ರಂಕಿನಿಂದ ಹಸಿರು ಬಾರ್ಡರಿನ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ನಮ್ಮಜ್ಜಿ ಯಾವುದಕ್ಕಾದರೂ ಆಸೆ ಪಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ವಾರವೆಲ್ಲ ನಾನು ದಿನಕ್ಕೆ ನಾಲ್ಕು ಸಲ ತಾರಸಿ ಹತ್ತಿ ಮೋಡ ನೋಡಿದೆ. ಮಳೆ ಬಂದರೆ? ದೋಣಿ ಕೆಟ್ಟರೆ?

ಮಳೆ ಬರಲಿಲ್ಲ, ದೋಣಿಯೂ ಕೆಡಲಿಲ್ಲ.

ಶನಿವಾರ ಸಂಜೆ ಅಜ್ಜಿ ಅಂಗಳದಲ್ಲಿ ನಿಂತು ಮಹಡಿಯ ಕಡೆ ಮುಖ ಮಾಡಿ ಕೂಗಿ ಹೇಳಿದಳು. ಅವಳಿಗೆ ದಂಡಿನ ತನ್ನ ಹಳೇ ಅಂಗಡಿಯಲ್ಲಿ ಆಂಟಿಗೊಂದು ಸೀರೆ, ಕುಪ್ಪಸದ ಕಣ ಕೊಳ್ಳುವುದಿತ್ತು. ಮನೆ ಬಿಟ್ಟು ಹೋಗುವ ಹೆಣ್ಣುಮಗಳನ್ನು ಮಡಿಲು ತುಂಬದೆ ಕಳಿಸುವುದುಂಟೆ? ಆಂಟಿಯವರಿಗೆ ಇಂದಿರಾನಗರದಲ್ಲಿ ನೆಂಟರ ಮನೆ ಊಟವಿತ್ತು.

‘ಸುಮಂಗಲಾ, ನಾಳೆ ನಾನೂ ಚೈತ್ರೀನೂ ಮುಂಚೇನೇ ಹೋಗಿರ್ತೀವಿ. ನೀವು ಊಟ ಮುಗಿಸ್ಕೊಂಡು ಸೀದಾ ದಂಡಿಗೆ ಬಂದ್ಬಿಡಿ. ಅಲ್ಲಿಂದ ಎಲ್ರೂ ಒಟ್ಟಿಗೆ ದೋಣಿಗೆ.’

‘ಹೂಂನ್ರಿ ಅಮ್ಮಾರ. ದಂಡಿಗೇ ಬರ್ತೀವಿ.’

‘ಮೂರು ಗಂಟೆಗೆ. ದಂಡಿಗೆ. ಮರೀಬೇಡಿ.’

‘ಮರೆಯೂದಿಲ್ರಿ. ದಂಡಿಗೇ ಇರ್ತೀವಿ.’

ಇಬ್ಬರಿಗೂ ಸಮಾಧಾನವಾಯಿತು. ಇಷ್ಟು ಸ್ಪಷ್ಟವಾಗಿ ಇಬ್ಬರು ಹೆಂಗಸರು ಮಾತಾಡಿಕೊಂಡದ್ದನ್ನು ನಾನು ಆಮೇಲೂ ಕಂಡಿಲ್ಲ.

ಭಾನುವಾರ ಸೀರೆ, ಕಣ ಕೊಂಡು ಮೂರಕ್ಕೆ ಮುಂಚೆಯೇ ಮಾರ್ಕೆಟ್ಟಿನ ಮುಂದೆ ಗಡಿಯಾರದ ಕೆಳಗೆ ನಿಂತೆವು. ದಂಡಿನಲ್ಲಿ ಯಾರನ್ನು ಕಾಯುವುದಿದ್ದರೂ ಅಲ್ಲೇ ಕಾಯುವುದೆಂದು ಅಜ್ಜಿಯ ಕಾಲದಿಂದ ಬಂದ ವಾಡಿಕೆ. ಹಣ್ಣು, ಮೀನು, ಮಲ್ಲಿಗೆ, ಕೊಳೆತ ಎಲೆಕೋಸು, ಎದುರು ಹೋಟೆಲಿನ ಕಬಾಬಿನ ಹೊಗೆ, ಎಲ್ಲ ಸೇರಿ ದಂಡಿನದೇ ಒಂದು ವಾಸನೆ. ಅಜ್ಜಿ ಹಸಿರು ಬಾರ್ಡರಿನ ಸೀರೆ ಉಟ್ಟು, ತುಂಬ ನೆಟ್ಟಗೆ ನಿಂತಿದ್ದಳು. ನಿಂಬೆಹಣ್ಣಿನ ಖಾದರ್ ತಾತ ತಮ್ಮ ಗಾಡಿಯಿಂದಲೇ ಕೂಗಿದರು.

‘ಅರೆ ಕೊತ್ತಮಲ್ಲಿ ಅಮ್ಮಾ! ಬುಟ್ಟಿ ಎಲ್ಲಿ? ಹೊಸ ಸೀರೆ! ಶಾದಿ ಕ್ಯಾ?’

‘ಶಾದಿನೂ ಇಲ್ಲ, ಗೀದಿನೂ ಇಲ್ಲ. ದೋಣಿ ಹತ್ತಾಕೆ ಹೋಗ್ತಾ ಇವ್ನಿ’ ಎಂದಳು ಅಜ್ಜಿ, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ. ಖಾದರ್ ತಾತ ಎರಡು ನಿಂಬೆಹಣ್ಣು ಕೊಟ್ಟು, ‘ತಲೆ ತಿರುಗಿದ್ರೆ ವಾಸನೆ ನೋಡು, ಅಮ್ಮಾ’ ಎಂದರು.

ಮೂರಾಯಿತು, ಮೂರೂವರೆಯಾಯಿತು. ಬಂದ ಪ್ರತಿ ಬಸ್ಸಿನಿಂದ ಇಳಿಯುವವರ ಮುಖಗಳನ್ನು ನಾನು ಹುಡುಕುತ್ತಿದ್ದೆ. ನಾಲ್ಕಾದಾಗ ಅಜ್ಜಿಗೆ ಕಳವಳ ಶುರುವಾಯಿತು. ಅಂಗಡಿಯ ಮುಂದಿದ್ದ ಕಾಯಿನ್ ಫೋನಿನಿಂದ ಮನೆಗೆ ಮಾಡಿದೆ. ಅಪ್ಪ ಅಮ್ಮ ಹೊಸಕೋಟೆಗೆ ಮದುವೆಗೆ ಹೋಗಿದ್ದರು, ಫೋನು ಸುಮ್ಮನೆ ಬಡಿದುಕೊಂಡಿತು. ಅಂಕಲ್ ಹತ್ತಿರ ಮೊಬೈಲು ಇತ್ತು, ಅದರ ನಂಬರು ನಮಗೆ ಗೊತ್ತಿರಲಿಲ್ಲ. ಒಂದೇ ಮನೆಯ ಮೇಲೆ ಕೆಳಗೆ ಇರುವವರಿಗೆ ನಂಬರು ಯಾಕೆ?

‘ಮರೆತುಬಿಟ್ರೇನೋ’ ಎಂದಳು ಅಜ್ಜಿ. ಸ್ವಲ್ಪ ಹೊತ್ತು ಬಿಟ್ಟು, ‘ಹೋಗೋರಿಗೆ ನೂರೆಂಟು ಕೆಲ್ಸ ಇರ್ತದೆ. ಮುದುಕಿ ಜೊತೆ ದೋಣಿ ಯಾರಿಗೆ ಬೇಕು’ ಎಂದಳು. ಅವಳ ದನಿ ಸಣ್ಣಗಾಗಿತ್ತು. ಸೀರೆಯ ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದಿದ್ದಳು. ನನಗೆ ಅಳು ಬಂತು, ದಾನೇಶ್ವರಿಯ ಮೇಲೆ ಕೆಟ್ಟ ಸಿಟ್ಟೂ ಬಂತು. ಸೋಮವಾರದಿಂದ ಅವಳ ಜೊತೆ ಮಾತು ಬಿಡಬೇಕು, ಏರಿ ಮೇಲೆ ಆಡಲು ಕರೆದರೂ ಹೋಗಬಾರದು, ‘ಬಾ, ದಂಡಿಗೆ ಕುಂದ್ರೂಣು’ ಎಂದರೆ...

ಅಲ್ಲಿಗೆ ನನ್ನ ಸಿಟ್ಟು ಗಕ್ಕನೆ ನಿಂತಿತು.

‘ಅಜ್ಜೀ, ದಾನೇಶ್ವರಿ ಕೆರೆ ಅಂಚಿಗೆ ದಂಡಿ ಅಂತಾಳೆ.’

‘ಏನಂತಾಳೆ?’

‘ದಂಡಿ. ದಂಡಿಗೆ ಕೂರೋಣ ಬಾ ಅಂತಾಳೆ, ನೀರಿನ ಹತ್ರ.’

ಅಜ್ಜಿ ನನ್ನನ್ನು ನೋಡಿದಳು. ಗಡಿಯಾರ ನೋಡಿದಳು. ಅವಳಿಗೆ ದಂಡಿಗೆ ಎಂದರೆ ದಂಡು, ಅವರಿಗೆ ದಂಡಿಗೆ ಎಂದರೆ ನೀರಿನ ದಡ. ಹಿಂದಿನ ಸಂಜೆ ಇಬ್ಬರೂ ಒಂದೇ ಮಾತನ್ನು ಆಡಿಕೊಂಡು ಬೇರೆ ಬೇರೆ ಊರಿಗೆ ಹೊರಟಿದ್ದರು. ‘ಅಯ್ಯೋ ನನ್ ಶಿವನೇ, ಅವ್ರು ಕೆರೆ ಹತ್ರ ಕಾಯ್ತಾ ಅವ್ರೆ ಕಣೇ!’ ಎಂದವಳೇ ಮಂಡಿ ನೋವು ಮರೆತು ಬಸ್‌ಸ್ಟ್ಯಾಂಡಿಗೆ ಓಡಿದಳು. ಹಿಂದಿನಿಂದ ಖಾದರ್ ತಾತ, ‘ನಿಧಾನ, ನಿಧಾನ ಅಮ್ಮಾ!’ ಎಂದು ಕೂಗುತ್ತಲೇ ಇದ್ದರು.

ಹಲಸೂರು ಕೆರೆ ಹತ್ತಿರವೇ. ಆದರೆ ಮೆಟ್ರೊ ಕೆಲಸಕ್ಕೆಂದು ದಾರಿ ತಿರುಗಿಸಿದ್ದರು, ಬಸ್ಸು ಒಂದು ಕಡೆ ನಿಂತರೆ ಕದಲದು. ಅಜ್ಜಿ ಸೀಟಿನ ತುದಿಯಲ್ಲಿ ಕೂತು ಮುಂದಿನ ಕಂಬಿಯನ್ನು ಹಿಡಿದು ನೂಕುತ್ತಿದ್ದಳು, ಬಸ್ಸು ಅದರಿಂದಲೇ ಹೋಗಬೇಕೆನ್ನುವ ಹಾಗೆ. ನಾವು ತಲುಪಿದಾಗ ಟಿಕೆಟ್ಟಿನ ಕಿಟಕಿ ಮುಚ್ಚಿತ್ತು. ದೋಣಿಗಳನ್ನು ಸಾಲಾಗಿ ಕಟ್ಟಿಹಾಕಿದ್ದರು. ನೀರಿನ ಪಕ್ಕದ ಕಲ್ಲಿನ ಮೇಲೆ ಆ ಮೂವರೂ ನಮ್ಮ ದಾರಿ ನೋಡುತ್ತಾ ಕೂತಿದ್ದರು. ದಾನೇಶ್ವರಿ ಅತ್ತು ಮುಖ ಊದಿಸಿಕೊಂಡಿದ್ದಳು.

‘ಎಷ್ಟೊತ್ತಾತು ಕಾಯಾಕತ್ತು! ಎಲ್ಲಿಗೆ ಹೋಗಿದ್ರಿ?’

‘ದಂಡಿಗೆ!’ ಎಂದೆ ನಾನು.

‘ನಾವೂ ದಂಡಿಗೇ ಅದೀವಲ್ಲ!’

ಅಂಕಲ್‌ಗೆ ಮೊದಲು ಅರ್ಥವಾಯಿತು. ಅವರು ಹಣೆ ಬಡಿದುಕೊಂಡು ನಗತೊಡಗಿದರು. ಆಂಟಿಗೆ ಹೇಳಿದರು, ಆಂಟಿ ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜಿ ಮಾತ್ರ ನಗಲಿಲ್ಲ. ಕಟ್ಟಿಹಾಕಿದ ದೋಣಿಗಳ ಕಡೆ ನೋಡುತ್ತಾ, ‘ನೀವಾದ್ರೂ ಹತ್ಬಾರ್ದಿತ್ತೇನಮ್ಮ? ನೋಡ್ಬೇಕು ಅಂತಿದ್ದೋರು ನೀವು’ ಎಂದಳು.

‘ನಿಮ್ಮನ್ನ ಬಿಟ್ಟು ಹೆಂಗ ಹತ್ತೂದ್ರಿ, ಅಮ್ಮಾರ? ಕಡೀ ದೋಣಿಯವ ಕರದ. ನಮ್ಮ ಅಮ್ಮಾರು ಬರಾಕತ್ತಾರ, ತಡಿಯಪ್ಪಾ ಅಂದ್ವಿ. ಅವ ಎಷ್ಟೊತ್ತು ತಡದಾನು?’

ಅಜ್ಜಿ ಪೊಟ್ಟಣವನ್ನು ಕಲ್ಲಿನ ಮೇಲಿಟ್ಟಳು. ಆಂಟಿ ಚಾದರ ಹಾಸಿ ರೊಟ್ಟಿಯ ಗಂಟು ಬಿಚ್ಚಿದರು. ನೆಂಟರ ಮನೆ ಊಟವಿದ್ದರೂ ಅಜ್ಜಿಗೆಂದು ಬೆಳಿಗ್ಗೆ ಎದ್ದು ಬಡಿದದ್ದು. ಗಟ್ಟಿ ರೊಟ್ಟಿ ಅಜ್ಜಿಯ ಹಲ್ಲಿಗೆ ಆಗದೆಂದು ನಾಲ್ಕು ಮೆತ್ತನೆಯವನ್ನು ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಮುದ್ದೆ ಬಿಟ್ಟು ಬೇರೆ ಯಾವುದನ್ನೂ ಊಟವೆಂದು ಒಪ್ಪದ ನಮ್ಮಜ್ಜಿ ಅವತ್ತು ಎರಡು ರೊಟ್ಟಿ ತಿಂದಳು.

ಬಿಸಿಲು ಇಳಿದಿತ್ತು. ನೀರಿನ ಮೇಲಿಂದ ಪಾಚಿಯ ವಾಸನೆಯ ತಂಪು ಗಾಳಿ ಬರುತ್ತಿತ್ತು. ಅಜ್ಜಿ ಕಾಲು ಚಾಚಿ ಕೂತು, ಮಂಡಿ ನೀವಿಕೊಳ್ಳುತ್ತಾ, ಯಾರಿಗೆ ಎಂದಿಲ್ಲದೆ ಮಾತಾಡಿದಳು.

‘ಆವಾಗ ಬೇಲಿ ಇರ್ಲಿಲ್ಲ. ಬೆಳಿಗ್ಗೆ ಹೋಗೋವಾಗ ಇಲ್ಲೇ ಎಲ್ಲೋ ಬುಟ್ಟಿ ಇಳಿಸಿ, ನೀರು ಚಿಮುಕ್ಸಿ, ಮತ್ತೆ ಹೊತ್ಕೊಂಡು ಹೋಗ್ತಿದ್ವಿ. ಕೂರ್ತಾ ಇರ್ಲಿಲ್ಲ. ಕೂತ್ರೆ ಸೊಪ್ಪು ಬಾಡ್ತದೆ.’

ಆಮೇಲೆ ಅಜ್ಜಿಗೆ ಒಳಗಿನಿಂದ ನಗು ಬಂತು. ‘ದಂಡಿಗೆ ಬನ್ನಿ ಅಂತ ನಾನೇ ಕೂಗಿದ್ನಲ್ಲಮ್ಮ! ಬಂದವ್ರೆ ಪಾಪ!’ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾವೆಲ್ಲ ನಕ್ಕೆವು. ಮದುವೆಯಾದಾಗಿನಿಂದ ದಂಡಿಗೆ ಹೋದವಳು ಅವತ್ತೊಂದು ದಿನ ದಂಡಿಗೆ ಬಂದಿದ್ದಳು. ಕತ್ತಲಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ. ಏಳುವಾಗ ಆಂಟಿಯ ಮಡಿಲಿಗೆ ಸೀರೆ, ಕಣ, ಖಾದರ್ ತಾತನ ನಿಂಬೆಹಣ್ಣು ಎಲ್ಲ ಹಾಕಿ, ‘ಇನ್ನೊಂದ್ಸಲ ಬಂದಾಗ ಹತ್ತಿದ್ರಾಯ್ತು. ಕೆರೆ ಎಲ್ಲಿಗೋಯ್ತದೆ ಬಿಡು’ ಎಂದಳು.

ಆ ವಾರವೇ ಲಾರಿ ಬಂದು ಅವರ ಸಾಮಾನು ಹೊತ್ತೊಯ್ಯಿತು. ದಾನೇಶ್ವರಿ ಲಾರಿಯ ಹಿಂದಿನ ಕಾರಿನಿಂದ ಕೈ ಬೀಸುತ್ತಾ, ‘ಗದಗಿಗೆ ಬಾ, ನಿಮ್ಮೂರೇ ಐತಲ್ಲ!’ ಎಂದು ಕೂಗಿದಳು. ನಾನು ನಕ್ಕೆ, ಒಳಗೆ ಹೋಗಿ ಅತ್ತೆ. ಮುಂದಿನ ಭಾನುವಾರ ಮೇಲಿನ ಮನೆಯಿಂದ ಪಟಪಟ ಸದ್ದಿಲ್ಲ. ಅಜ್ಜಿ ಎರಡು ಸಲ ಮುಖ ಎತ್ತಿ ಸೂರು ನೋಡಿದಳು.

ಅಜ್ಜಿ ದೋಣಿ ಹತ್ತಲೇ ಇಲ್ಲ. ಆ ವರ್ಷ ಚಿಕ್ಕಪ್ಪನ ಮದುವೆ, ಮರುವರ್ಷ ಅವಳ ಮಂಡಿ ಆಪರೇಷನ್ನು, ಆಮೇಲೆ ನನ್ನ ಹೈಸ್ಕೂಲು. ಹೋಗೋಣ ಎಂದಾಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಅವಳ ಮಾತನ್ನೇ ಅವಳಿಗೆ ತಿರುಗಿಸಿ ಹೇಳುತ್ತಿದ್ದರು. ಕೆರೆ ಎಲ್ಲಿಗೂ ಹೋಗಲಿಲ್ಲ, ನಿಜ. ಹೋದವಳು ಅಜ್ಜಿ. ಅದು ನನ್ನೊಳಗೆ ಇವತ್ತಿಗೂ ಆರದ ಸಂಕಟ.

ಉಳಿದದ್ದೂ ಒಂದೊಂದಾಗಿ ಹೋಯಿತು. ಕೊತ್ತಂಬರಿಯ ಮಡಿಗಳ ಮೇಲೆ ನಮ್ಮ ಕಾರು ನಿಲ್ಲುತ್ತದೆ. ಹಲಸಿನ ಮರ ಇಲ್ಲ. ತಾರಸಿಯಿಂದ ಈಗ ಕಾಣುವುದು ಪ್ರತಿ ಮನೆಯಲ್ಲೂ ಬಟ್ಟೆ ಒಣಗುವ ಅಪಾರ್ಟ್‌ಮೆಂಟುಗಳ ಬೆನ್ನು. ಕೆರೆ ಅವುಗಳ ಹಿಂದೆ ಎಲ್ಲೋ ಬೇಲಿಯೊಳಗೆ ಸಣ್ಣದಾಗಿ ಇದೆಯಂತೆ. ಶಿವಾಜಿನಗರವನ್ನು ದಂಡು ಎನ್ನುವವರು ನಮ್ಮ ಬೀದಿಯಲ್ಲಿ ಯಾರೂ ಉಳಿದಿಲ್ಲ. ನಾನೇ ಅಂದರೆ ಆಟೊದವರು ತಿರುಗಿ ನೋಡುತ್ತಾರೆ.

ಮೇಲಿನ ಮನೆಯಲ್ಲಿ ಈಗ ಒಡಿಶಾದವರು ಇದ್ದಾರೆ. ಅವರಿಗೂ ಭಾನುವಾರ ಬಂದರೆ ಚೀಲ ರೆಡಿ. ಮೊನ್ನೆ ಅವರ ಪುಟ್ಟ ಮಗಳು ಮೆಟ್ಟಿಲಲ್ಲಿ ನಿಲ್ಲಿಸಿ ಅಮ್ಮನ ಮೊಬೈಲಿನಲ್ಲಿ ಫೋಟೊ ತೋರಿಸಿದಳು. ಹಲಸೂರು ಕೆರೆ. ಬೇಲಿಗೆ ಮುಖ ಒತ್ತಿ ನಿಂತ ಮಗು, ಹಿಂದೆ ನೀರು. ‘ಆಂಟಿ, ಯೂ ವೆಂಟ್?’ ಎಂದಳು. ಕೇಳಿದವರಿಗೆಲ್ಲ ಹೋಗಿದ್ದೇನೆ ಎಂದು ಹೇಳುವವಳು ನಾನು. ಅವಳಿಗೆ ಮಾತ್ರ, ದಡದ ತನಕ ಹೋಗಿದ್ದೆ, ದೋಣಿ ಹತ್ತಿಲ್ಲ ಎಂದೆ.

ಒಳಗೆ ಬಂದು ದಾನೇಶ್ವರಿಗೆ ಫೋನು ಮಾಡಿದೆ. ಅವಳು ಬೆಂಗಳೂರಿಗೆ ವಾಪಸು ಬಂದು, ಮದುವೆಯಾಗಿ, ಕಮ್ಮನಹಳ್ಳಿಯಲ್ಲಿ ನೆಲೆಸಿ ವರ್ಷಗಳಾದವು. ನಮ್ಮಿಬ್ಬರ ನಡುವೆ ಇರುವುದು ಹದಿನೈದು ನಿಮಿಷದ ದಾರಿ. ನಾವು ಭೇಟಿಯಾಗುವುದು ಮದುವೆ ಮುಂಜಿಗಳಲ್ಲಿ.

‘ಒಂದಿನ ಹಲಸೂರು ಕೆರೆಗೆ ಹೋಗೋಣ್ವೇನೇ? ದೋಣಿ ಇದ್ರೆ ಹತ್ತೋಣ’ ಎಂದೆ.

‘ಅಯ್ಯ, ಈಗೆಲ್ಲಿ ಟೈಮ್ ಐತಿ?’ ಎಂದಳು. ಆ ಕಡೆ ಕುಕ್ಕರು ಕೂಗುತ್ತಿತ್ತು. ‘ಇಲ್ಲೇ ಇರ್ತೀವಲ್ಲ ಇನ್ನ. ಯಾವಾಗರ ಹೋದ್ರಾತು ಬಿಡು. ಕೆರಿ ಎಲ್ಲಿ ಹೋಗ್ತೈತಿ?’

ನಮ್ಮಜ್ಜಿ ಗದಗದ ಕನ್ನಡದಲ್ಲಿ ಮಾತಾಡಿದ್ದಳು. ಊರು ನೋಡಲು ಚಾದರ ಹೊತ್ತು ಹೊರಡುತ್ತಿದ್ದವಳು ಈಗ ಪೂರ್ತಿ ನಮ್ಮವಳಾಗಿದ್ದಳು. ಅದಕ್ಕೆ ಸಂತೋಷ ಪಡಬೇಕಿತ್ತು. ನನಗೆ ಆದದ್ದು ದುಃಖ.

‘ದಾನೇಶ್ವರೀ, ಎಲ್ಲಾ ಹೋಗುತ್ತೆ ಕಣೇ’ ಎಂದೆ. ‘ಈ ಭಾನುವಾರ ಮೂರು ಗಂಟೆಗೆ ದಂಡಿಗೆ ಬಾ.’

ಆ ಕಡೆ ಕುಕ್ಕರಿನ ಸದ್ದು ನಿಂತಿತು, ಅವಳು ಒಲೆ ಆರಿಸಿರಬೇಕು. ಆಮೇಲೆ, ಏರಿಯ ಮೇಲೆ ಓಡುತ್ತಿದ್ದ ಆ ಹುಡುಗಿಯ ದನಿಯಲ್ಲೇ ಕೇಳಿದಳು.

‘ಯಾವ ದಂಡಿಗೆ?’